ಠಸ್ಸೆಪ್ಪನ ಕೈಗೆ ಸಿಕ್ಕ ಸಿಗ್ನಲ್

ಜನನ ಮರಣ ನೋಂದಣಿ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಒಂದೇ ಮೇಜಿಗೆ ಅಂಟಿಕೊಂಡು ಕೂತು, ಬಂದ ಕಾಗದಕ್ಕೆಲ್ಲ ಠಸ್ಸೆ ಒತ್ತಿದ ಮನುಷ್ಯನನ್ನು ಜನ ಠಸ್ಸೆಪ್ಪ ಎನ್ನದೆ ಇನ್ನೇನು ಅಂದಾರು? ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಅದು ಹಾಜರಿ ಪುಸ್ತಕದಲ್ಲಿ ಸುಖವಾಗಿ ನಿದ್ದೆ ಮಾಡುತ್ತಿತ್ತು. ಅದನ್ನು ಎಬ್ಬಿಸುವ ಗೋಜಿಗೆ ನಾವೂ ಹೋಗುವುದು ಬೇಡ.

ಠಸ್ಸೆ ಒತ್ತುವುದೆಂದರೆ ಹುಡುಗಾಟವಲ್ಲ. ಮರದ ಹಿಡಿಯನ್ನು ಐದೂ ಬೆರಳಿನಲ್ಲಿ ಬಿಗಿಯಾಗಿ ಹಿಡಿಯಬೇಕು, ಶಾಯಿ ಪ್ಯಾಡಿಗೊಂದು ಗುದ್ದು, ಕಾಗದಕ್ಕೊಂದು ಗುದ್ದು ಕೊಡಬೇಕು. ಠಸ್ಸೆ ಅರ್ಧ ಮೂಡಿದರೆ ಹುಟ್ಟಿದವನು ಅರ್ಧ ಹುಟ್ಟಿದ ಹಾಗೆ, ಸತ್ತವನು ಅರ್ಧ ಸತ್ತ ಹಾಗೆ ಎಂಬುದು ಠಸ್ಸೆಪ್ಪನ ಸಿದ್ಧಾಂತ. ಈ ಸಿದ್ಧಾಂತದ ಫಲವಾಗಿ ಅವನ ಬಲಗೈಗೆ ಒಂದೇ ಒಂದು ಹಿಡಿತ ಗೊತ್ತಿತ್ತು. ಎಡಗೈ ಬಲಗೈಯನ್ನು ನೋಡಿ ಕಲಿತಿತ್ತು. ಹಲ್ಲುಜ್ಜುವ ಬ್ರಷ್ಷು, ಕೊಡೆ, ಚಮಚ, ಬಾಗಿಲ ಚಿಲಕ, ಎಲ್ಲವನ್ನೂ ಅವನು ಠಸ್ಸೆ ಹಿಡಿದಂತೆಯೇ ಹಿಡಿಯುತ್ತಿದ್ದ. ಮಗಳು ಚಿಕ್ಕವಳಿದ್ದಾಗ ಅಪ್ಪನ ಜೊತೆ ರಸ್ತೆ ದಾಟಿದ ಮೇಲೆ, ತನ್ನ ಬೆರಳು ಐದೂ ಇವೆಯೇ ಎಂದು ಎಣಿಸಿಕೊಳ್ಳುತ್ತಿದ್ದಳಂತೆ.

ಇಂಥ ಕೈಗೆ ಹೆಂಡತಿಯ ತಮ್ಮ ಒಂದು ಹೊಸ ಮೊಬೈಲನ್ನು ತಂದುಕೊಟ್ಟ. ತೆಳ್ಳಗೆ, ನುಣ್ಣಗೆ, ಕೈಯಿಂದ ಜಾರುವಂತೆ ಇತ್ತು. ಜಾರುವ ವಸ್ತುವನ್ನು ಠಸ್ಸೆಪ್ಪ ಇನ್ನೂ ಬಿಗಿಯಾಗಿ ಹಿಡಿಯುತ್ತಾನೆಂದು ಬೇರೆ ಹೇಳಬೇಕಾಗಿಲ್ಲ. ಮೊದಲನೇ ದಿನ ಏಳು ಕರೆ ಬಂದವು, ಏಳೂ 'ಹಲೋ' ಎನ್ನುವಷ್ಟರಲ್ಲಿ ಕಟ್ಟಾದವು. ಎಂಟನೆಯದು ಆ ಫೋನು ಕೊಟ್ಟ ಭಾವಮೈದುನನದೇ. ಅವನು ಉಡುಗೊರೆ ಹೇಗಿದೆ ಎಂದು ಕೇಳುವಷ್ಟರಲ್ಲಿ ಅದೂ ಕಟ್ಟಾಗಿ, ಭಾವನಿಗೆ ಫೋನು ಹಿಡಿಸಲಿಲ್ಲ ಎಂದು ಅವನು ಮುನಿಸಿಕೊಂಡ.

ಮುನಿಸಿನದು ಹೋಗಲಿ. ನಿಜವಾದ ಚಿಂತೆ ಮಗಳದು. ಅವಳು ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ವಿದ್ಯೆ ಓದಿ ಮುಗಿಸಿ, ಎರಡು ವರ್ಷದಿಂದ ಕೆಲಸಕ್ಕಾಗಿ ಕಾಯುತ್ತಿದ್ದಳು. ಆ ವಿದ್ಯೆಗೆ ಶಾಲೆಗಳೇ ಕಡಿಮೆ, ಶಾಲೆ ಇದ್ದರೆ ಜಾಗ ಇಲ್ಲ. ಈಗ ಒಂದು ಶಾಲೆಯಲ್ಲಿ ಒಂದೇ ಒಂದು ಜಾಗ ಖಾಲಿಯಾಗಿ, ಶುಕ್ರವಾರ ಹನ್ನೊಂದು ಗಂಟೆಗೆ ಫೋನಿನ ಪರದೆಯಲ್ಲೇ ಮುಖ ನೋಡಿ ಸಂದರ್ಶನ ಮಾಡುತ್ತೇವೆ ಎಂದು ಬರೆದಿದ್ದರು. ಅವಳ ಹಳೇ ಫೋನಿನ ಕ್ಯಾಮೆರಾ ಕಣ್ಣು ಮುಚ್ಚಿ ಆರು ತಿಂಗಳಾಗಿತ್ತು. ಇದ್ದದ್ದು ಅಪ್ಪನ ಹೊಸ ಫೋನು ಒಂದೇ.

"ಅವರು ಹೇಳಿರೋ ಶುಕ್ರವಾರಕ್ಕೆ ಇನ್ನೂ ಮೂರು ವಾರ ಇದೆ. ಅಷ್ಟರೊಳಗೆ ತೋರಿಸ್ಕೊಂಡು ಬನ್ರೀ," ಎಂದಳು ಹೆಂಡತಿ.

ಮೊಬೈಲ್ ರಿಪೇರಿ ಅಂಗಡಿ ಒಂದು ಬಾಗಿಲಿನಷ್ಟೇ ಅಗಲವಿತ್ತು. ಒಳಗೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಹೆಂಗಸು ಕೂತಿದ್ದಳು. ಅವಳು ಫೋನನ್ನು ಎರಡು ಬೆರಳಿನಲ್ಲಿ ಅಂಚು ಹಿಡಿದು ಎತ್ತಿದಳು. ಸಿಗ್ನಲ್ಲಿನ ನಾಲ್ಕೂ ಗೆರೆ ಎದ್ದು ನಿಂತವು. ಠಸ್ಸೆಪ್ಪನ ಕೈಗೆ ಕೊಟ್ಟಳು, ಒಂದು ಗೆರೆ. ವಾಪಸ್ ತೆಗೆದುಕೊಂಡಳು, ನಾಲ್ಕು. ಮತ್ತೆ ಕೊಟ್ಟಳು, ಅದೂ ಹೋಯಿತು. ಹೀಗೆ ಆರು ಸಲ ಆಟವಾಡಿ ಅವಳು ಭೂತಗನ್ನಡಿ ತೆಗೆದಿಟ್ಟಳು.

"ಫೋನಿಗೇನೂ ಆಗಿಲ್ಲ ಸಾರ್. ಒಳಗೆ ನಾಲ್ಕು ಆಂಟೆನಾ ಇದೆ, ಮೇಲೆರಡು, ಕೆಳಗೆರಡು. ಒಂದಕ್ಕೆ ಅಡ್ಡ ಬಂದ್ರೆ ಇನ್ನೊಂದು ಕೆಲಸ ಮಾಡ್ಲಿ ಅಂತ ಹಾಗೆ ಇಟ್ಟಿರ್ತಾರೆ. ನೀವು ನಾಲ್ಕರದ್ದೂ ಒಟ್ಟಿಗೆ ಕತ್ತು ಹಿಸುಕ್ತಾ ಇದೀರಿ."

"ಕೈ ಮುಟ್ಟಿದ್ರೆ ಸಿಗ್ನಲ್‌ಗೆ ಏನಾಗುತ್ತಮ್ಮಾ?"

"ಕೈ ಹೀರ್ಕೊಳ್ಳುತ್ತೆ ಸಾರ್. ಎಲ್ಲರ ಕೈಯೂ ಒಂದಿಷ್ಟು ಹೀರುತ್ತೆ. ಗೋಡೆ ದಪ್ಪ ಇದ್ದು, ಸಿಗ್ನಲ್ ಮೊದಲೇ ಕಮ್ಮಿ ಇರೋ ಕಡೆ ಜಾಸ್ತಿ ಗೊತ್ತಾಗುತ್ತೆ. ಆದ್ರೆ ಇಷ್ಟು ಹೀರೋ ಕೈ ನಾನು ಈವರೆಗೆ ನೋಡಿಲ್ಲ ಬಿಡಿ. ಕಿಟಕಿ ಹತ್ರ ನಿಂತ್ಕೊಂಡು, ಎರಡು ಬೆರಳಲ್ಲಿ ಹಗುರವಾಗಿ ಹಿಡೀರಿ. ಅಷ್ಟೇ."

ಇಷ್ಟು ಉದ್ದದ, ಇಷ್ಟು ಸ್ಪಷ್ಟವಾದ ಮಾತಿನಲ್ಲಿ ಠಸ್ಸೆಪ್ಪ ಮನೆಗೆ ಹೊತ್ತುಕೊಂಡು ಹೋದದ್ದು ಒಂದೇ ವಾಕ್ಯ. ಇಷ್ಟು ಹೀರೋ ಕೈ ನಾನು ಈವರೆಗೆ ನೋಡಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಅವನ ಯಾವ ಅಂಗವನ್ನೂ ಯಾರೂ ಹೊಗಳಿರಲಿಲ್ಲ. ಪಾಪ, ಹೊಗಳಿಕೆಯೋ ಬೈಗುಳವೋ ಎಂದು ವಿಚಾರಿಸುವ ವ್ಯವಧಾನ ಅವನಿಗಾದರೂ ಎಲ್ಲಿತ್ತು?

"ಫೋನು ನೆಟ್ಟಗೇ ಇದೆ ಕಣೇ," ಎಂದು ಹೆಂಡತಿಗೆ ಹೇಳಿದ. "ಎಲ್ಲ ನನ್ನ ಕೈಯದ್ದು. ನನ್ನ ಕೈಯಲ್ಲಿ ಒಂದು ಶಕ್ತಿ ಇದೆ ಅಂತ ಗೊತ್ತಾಯ್ತು."

"ಹಾಗಾದ್ರೆ ಆ ಸಕ್ಕರೆ ಡಬ್ಬಿ ಮುಚ್ಚಳ ತೆಗೀರಿ. ಬೆಳಿಗ್ಗೆಯಿಂದ ಬರ್ತಾ ಇಲ್ಲ," ಎಂದಳು ಅವಳು.

ಮನೆಯಲ್ಲಿ ಮರ್ಯಾದೆ ಸಿಗದ ಸತ್ಯವನ್ನು ಗಂಡಸರು ಮೆಟ್ಟಿಲ ಮೇಲೆ ಹಂಚುತ್ತಾರೆ. ಮೂರು ಮಹಡಿಯ ಆ ಕಟ್ಟಡದ ಮೆಟ್ಟಿಲಲ್ಲಿ ಸಿಕ್ಕವನು ನೆಲಮಹಡಿಯ ವಿಮೆ ಏಜೆಂಟ್. ಅವನ ಮುಂದೆ ಠಸ್ಸೆಪ್ಪ ಅಂಗೈ ಬಿಚ್ಚಿ ತೋರಿಸಿ, "ಗಾಳೀಲಿರೋ ಸಿಗ್ನಲನ್ನ ಇದು ಎಳ್ಕೊಳ್ಳುತ್ತೆ ಅಂತ ತಜ್ಞರು ಹೇಳಿದ್ರು," ಎಂದ. ಏಜೆಂಟ್ ಆ ಅಂಗೈಯನ್ನು ಅದರಲ್ಲಿ ಏನೋ ಬರೆದಿದೆಯೇನೋ ಎಂಬಂತೆ ನೋಡಿದ. ಸಂಜೆಯೊಳಗೆ ಸುದ್ದಿ ಮೂರನೇ ಮಹಡಿಗೆ ಮುಟ್ಟಿತು. ಅಲ್ಲಿ ಫೋನಿನಲ್ಲೇ ಲೆಕ್ಕ ಪಾಠ ಹೇಳುವ ಟೀಚರಮ್ಮ ಇದ್ದಳು.

"ಅದಕ್ಕೇ ನೋಡಿ!" ಎಂದು ಟೀಚರಮ್ಮ ಮೆಟ್ಟಿಲು ಇಳಿದೇ ಬಂದಳು. "ದಿನಾ ಐದು ಮುಕ್ಕಾಲಿಗೆ ಸರಿಯಾಗಿ ನನ್ನ ಪಾಠ ಕಟ್ಟಾಗುತ್ತೆ. ಈ ಮನುಷ್ಯ ಆಫೀಸಿಂದ ಬರೋದೂ ಐದು ಮುಕ್ಕಾಲಿಗೇ! ನಮ್ಮ ಸಿಗ್ನಲನ್ನೆಲ್ಲ ಕುಡೀತಾ ಕೂತಿದಾನೆ!"

ಐದು ಮುಕ್ಕಾಲಿಗೆ ಇಡೀ ಕಟ್ಟಡವೇ ಮನೆಗೆ ಬಂದು ಒಟ್ಟಿಗೆ ಫೋನು ತೆರೆಯುತ್ತದೆ, ಇರುವ ಒಂದು ಹಿಡಿ ಸಿಗ್ನಲ್ಲಿಗೆ ಅರವತ್ತು ಫೋನು ಬಾಯಿ ಹಾಕುತ್ತವೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಅದರಲ್ಲಿ ಬೈಯುವುದಕ್ಕೆ ಯಾರೂ ಸಿಗುತ್ತಿರಲಿಲ್ಲವಲ್ಲ, ಅದಕ್ಕೆ. ಭಾನುವಾರ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ನಿವಾಸಿಗಳ ಸಂಘದ ತುರ್ತು ಸಭೆ ಸೇರಿತು. ಸಂಘದ ಕಾರ್ಯದರ್ಶಿ ನಿವೃತ್ತ ಡ್ರಿಲ್ ಮೇಷ್ಟ್ರು. ಸೀಟಿ ಊದದೆ ಅವರು ಯಾವ ಸಭೆಯನ್ನೂ ಆರಂಭಿಸುತ್ತಿರಲಿಲ್ಲ.

"ಆರೋಪಿ ಮುಂದೆ ಬರ್ಲಿ! ಕೈ ಮುಂದೆ! ಮೇಲೆ! ಪಕ್ಕಕ್ಕೆ!" ಎಂದು ಮೇಷ್ಟ್ರು ಮೊದಲು ಕವಾಯತು ಮಾಡಿಸಿದರು. ಪ್ರತಿ ಭಂಗಿಗೂ ಎಲ್ಲರೂ ತಮ್ಮ ತಮ್ಮ ಫೋನು ನೋಡಿಕೊಂಡರು. ಒಬ್ಬನದು ಏರಿತು, ಒಬ್ಬನದು ಇಳಿಯಿತು. ಇಳಿದವರೆಲ್ಲ ಟೀಚರಮ್ಮನ ಕಡೆ ಸರಿದರು.

"ಮೇಷ್ಟ್ರೇ, ಕಟ್ಟಡದೊಳಗೆ ಕಾಲಿಡುವಾಗ ಇವರು ಎರಡೂ ಕೈ ಜೇಬಲ್ಲಿ ಇಟ್ಕೋಬೇಕು. ಅಷ್ಟು ನಿರ್ಣಯ ಆಗ್ಲೇಬೇಕು," ಎಂದಳು ಟೀಚರಮ್ಮ.

"ಒಂದು ನಿಮಿಷ," ಎಂದು ವಿಮೆ ಏಜೆಂಟ್ ಕೈ ಎತ್ತಿದ. "ಎಳ್ಕೊಳ್ಳೋ ಕೈ ಅಂದ್ರೆ ಅರ್ಥ ಏನು? ಸಿಗ್ನಲ್ ಇವರ ಹತ್ರ ಬರುತ್ತೆ ಅಂತ ತಾನೇ? ಬಂದ ಮೇಲೆ ಇವರ ಸುತ್ತಮುತ್ತ ಇರುತ್ತೆ ಅಂತ ತಾನೇ? ಇಂಥವರನ್ನ ಪಕ್ಕದಲ್ಲಿ ಕೂರಿಸ್ಕೋಬೇಕು ಸ್ವಾಮಿ, ಓಡಿಸೋದಲ್ಲ!"

ಸಭೆ ಎರಡು ಹೋಳಾಯಿತು. ಠಸ್ಸೆಪ್ಪ ಸಿಗ್ನಲ್ ಕುಡಿಯುತ್ತಾನೆ ಎನ್ನುವ ಪಕ್ಷ ಒಂದು, ಸಿಗ್ನಲ್ ತರುತ್ತಾನೆ ಎನ್ನುವ ಪಕ್ಷ ಒಂದು. ಅವನ ಕೈಗೂ ಸಿಗ್ನಲ್ಲಿಗೂ ಅಷ್ಟೇನೂ ಸಂಬಂಧವಿಲ್ಲ, ಅವನ ಕೈಗೂ ಅವನ ಫೋನಿಗೂ ಮಾತ್ರ ಸಂಬಂಧ ಎನ್ನುವ ಮೂರನೇ ಪಕ್ಷ ಹುಟ್ಟಲೇ ಇಲ್ಲ. ಮೇಷ್ಟ್ರು ಇಬ್ಬರನ್ನೂ ಮೆಚ್ಚಿಸಿ ನಿರ್ಣಯ ಬರೆಸಿದರು: ಮೆಟ್ಟಿಲ ಮೇಲೆ ಕೈ ಜೇಬಿನಲ್ಲಿ, ಕರೆದವರ ಮನೆಯಲ್ಲಿ ಕೈ ಹೊರಗೆ.

ಅಂದಿನಿಂದ ಠಸ್ಸೆಪ್ಪನ ಸಂಜೆಗಳು ವಿಮೆ ಏಜೆಂಟನ ಮನೆಯಲ್ಲಿ ಕಳೆದವು. ಏಜೆಂಟ್ ಅವನನ್ನು ಮೆತ್ತನೆ ಕುರ್ಚಿಯಲ್ಲಿ ಕೂರಿಸಿ, ಕೈಗೆ ಟೀ ಕೊಟ್ಟು, ದೊಡ್ಡ ಮನುಷ್ಯರಿಗೆ ತೊಂದರೆಯಾಗಬಾರದೆಂದು ತಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಗಿರಾಕಿಗಳ ಜೊತೆ ಮಾತಾಡುತ್ತಿದ್ದ. ಮಾತು ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು. "ನೋಡಿದ್ರಾ ಮಹಿಮೆ!" ಎಂದು ಒಳಗೆ ಬಂದು ಠಸ್ಸೆಪ್ಪನ ಕೈ ಕುಲುಕುತ್ತಿದ್ದ. ಕುಲುಕಿದ ಮೇಲೆ ತನ್ನ ಬೆರಳು ನೀವಿಕೊಳ್ಳುತ್ತಿದ್ದ.

ಕೀರ್ತಿ ಕಚೇರಿಗೂ ಹಬ್ಬಿತು. ಒಂದು ದಿನ ಸಾಹೇಬರು ಒಳಗೆ ಕರೆದು ಬಾಗಿಲು ಹಾಕಿದರು. ಇಪ್ಪತ್ತು ವರ್ಷದ ಹಳೇ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ವರದಿ ಕೊಡಬೇಕೆಂದು ಮೇಲಿನ ಅಧಿಕಾರಿ ದಿನಾ ಹನ್ನೊಂದು ಗಂಟೆಗೆ ಅವರಿಗೆ ಫೋನು ಮಾಡುತ್ತಿದ್ದರು. ಏರಿಸಿದ್ದು ಸೊನ್ನೆ.

"ನಿಮ್ಮ ಕೈ ಬಗ್ಗೆ ಕೇಳ್ದೆ," ಎಂದರು ಸಾಹೇಬರು ಮೆಲ್ಲಗೆ. "ಆ ಕಬ್ಬಿಣದ ಬೀರು ಹಿಂದೆ ಕುರ್ಚಿ ಹಾಕಿಸಿದೀನಿ. ಹನ್ನೊಂದರಿಂದ ಹನ್ನೆರಡರ ತನಕ ಅಲ್ಲಿ ಕೂತ್ಕೊಂಡು ನನ್ನ ಫೋನು ಹಿಡ್ಕೊಳ್ಳಿ. ಬಿಗಿಯಾಗಿ. ಠಸ್ಸೆ ಹಿಡಿದ ಹಾಗೆ."

ಹನ್ನೊಂದು ಹೊಡೆಯಿತು, ಹನ್ನೆರಡು ಹೊಡೆಯಿತು, ಫೋನು ಕೆಮ್ಮಲೂ ಇಲ್ಲ. ಅತ್ತ ಮೇಲಿನ ಅಧಿಕಾರಿಗೆ 'ನೀವು ಕರೆ ಮಾಡಿದವರು ವ್ಯಾಪ್ತಿಯ ಹೊರಗಿದ್ದಾರೆ' ಎಂಬ ಹೆಣ್ಣು ದನಿಯ ಪರಿಚಯ ದಿನದಿನಕ್ಕೂ ಹೆಚ್ಚಾಯಿತು. ರಿಪೇರಿ ಹೆಂಗಸಿನ ಮಾತನ್ನು ಇಡೀ ಊರಿನಲ್ಲಿ ಸರಿಯಾಗಿ ಅರ್ಥ ಮಾಡಿಕೊಂಡವರು ಈ ಸಾಹೇಬರೊಬ್ಬರೇ, ಅದೂ ಅವಳನ್ನು ಒಂದು ಸಲವೂ ಕಾಣದೆ. ಕಚೇರಿಯಲ್ಲಿ ಕರೆಯನ್ನು ಕೊಲ್ಲುವ ಕೈ ಏಜೆಂಟನ ಮನೆಯಲ್ಲಿ ಕರೆಯನ್ನು ತರುವುದು ಹೇಗೆ ಎಂದು ಠಸ್ಸೆಪ್ಪ ಕೇಳಿಕೊಳ್ಳಬಹುದಿತ್ತು. ಆದರೆ ಎರಡು ಕಡೆಯೂ ಕುರ್ಚಿ, ಎರಡು ಕಡೆಯೂ ಟೀ. ಅಂಥ ಹೊತ್ತಿನಲ್ಲಿ ಇಂಥ ಪ್ರಶ್ನೆ ಯಾರ ತಲೆಗೆ ಬರುತ್ತದೆ ಹೇಳಿ?

ಶುಕ್ರವಾರ ಬಂದೇ ಬಂತು. ಠಸ್ಸೆಪ್ಪ ರಜೆ ಹಾಕಿದ. ಹೆಂಡತಿ, "ಅವಳ ಸಂದರ್ಶನ ಮುಗಿಯೋ ತನಕ ಎಲ್ಲಾದ್ರೂ ಸುತ್ತಾಡ್ಕೊಂಡು ಬನ್ರೀ," ಎಂದು ಗೋಗರೆದಳು. "ಇಡೀ ಕಟ್ಟಡಕ್ಕೆ ಬೇಕಾದೋನು ನನ್ನ ಮಗಳಿಗೆ ಬೇಡವಾ?" ಎಂದು ಅವನು ಬಾಗಿಲಲ್ಲೇ ನಿಂತ. ಮೆಟ್ಟಿಲ ಮೇಲೆ ಎರಡೂ ಪಕ್ಷದವರು ಜಮಾಯಿಸಿದ್ದರು. ಮಗಳು ಮೇಜಿನ ಮೇಲೆ ಪುಸ್ತಕ ಪೇರಿಸಿ ಅದಕ್ಕೆ ಫೋನು ಒರಗಿಸಿ, ತಲೆ ಬಾಚಿಕೊಂಡು, ಎದುರಿಗೆ ಕೂತಳು. ಗೋಡೆಗೆ ಗೋದ್ರೆಜು ಬೀರು, ಫೋನಿಗೆ ಒಂದೂವರೆ ಗೆರೆ.

ಹನ್ನೊಂದಕ್ಕೆ ಪರದೆಯಲ್ಲಿ ಮೂರು ಮುಖ ಬಂದವು. ನಡುವೆ ಕೂತ ಹಿರಿಯಾಕೆ, "ನಿಮ್ಮ ಬಗ್ಗೆ ಹೇಳಿ," ಎಂದರು. ಮಗಳು ಎರಡು ಮಾತು ಆಡಿದಳೋ ಇಲ್ಲವೋ, ಹಿರಿಯಾಕೆಯ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. "ಹಲೋ... ಕೇಳ್ತಾ ಇಲ್ಲ..." ಎಂದು ಎಲ್ಲಿಂದಲೋ ತುಂಡು ತುಂಡಾಗಿ ಬಂತು.

"ನಾನಿದೀನಿ ಬಿಡು ಮಗಳೇ!" ಎಂದು ಠಸ್ಸೆಪ್ಪ ಒಂದೇ ನೆಗೆತಕ್ಕೆ ಬಂದು ಎರಡೂ ಕೈಯಲ್ಲಿ ಫೋನನ್ನು ಅವುಚಿ ಹಿಡಿದ.

ಇದ್ದ ಒಂದೂವರೆ ಗೆರೆಯೂ ಹೋಯಿತು. ಮೂರೂ ಮುಖ ಮಾಯವಾದವು.

"ಹೇಳ್ಲಿಲ್ವಾ ನಾನು!" ಎಂದಳು ಟೀಚರಮ್ಮ ಮೆಟ್ಟಿಲಿಂದ. "ಇನ್ನೂ ಬಿಗಿ ಹಿಡೀರಿ ಸಾರ್, ಸಾಲ್ತಾ ಇಲ್ಲ!" ಎಂದು ಏಜೆಂಟ್ ಕೂಗಿದ. ಮೇಷ್ಟ್ರು ಯಾಕೆಂದು ತಿಳಿಯದೆ ಸೀಟಿ ಊದಿದರು. ಠಸ್ಸೆಪ್ಪ ಇನ್ನೂ ಬಿಗಿ ಹಿಡಿದ. ಗೆಣ್ಣುಗಳು ಬೆಳ್ಳಗಾದವು, ಹಣೆಯಲ್ಲಿ ಬೆವರು ಇಳಿಯಿತು.

"ಅಪ್ಪಾ, ಬಿಡು," ಎಂದಳು ಮಗಳು. ಅವಳ ಕಣ್ಣು ತುಂಬಿತ್ತು.

"ಬಿಟ್ರೆ ಇರೋದೂ ಹೋಗುತ್ತಮ್ಮಾ!"

ಮಗಳು ಅಳಲಿಲ್ಲ, ರೇಗಲಿಲ್ಲ. ಎದ್ದು ಅವನ ಎದುರಿಗೆ ನಿಂತು, ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು: "ಅಪ್ಪಾ. ನಿನ್ನ ಕೈ ಸಿಗ್ನಲ್ ತರಲ್ಲ. ಮುಚ್ಚುತ್ತೆ. ಚಿಕ್ಕೋಳಿದ್ದಾಗ ರಸ್ತೆ ದಾಟಿದ ಮೇಲೆ ನನ್ನ ಕೈ ಬಿಡ್ತಿದ್ದೆಯಲ್ಲ? ಹಾಗೆ ಬಿಡು."

ಅವನ ಬೆರಳುಗಳನ್ನು ಅವಳೇ ಒಂದೊಂದಾಗಿ ಬಿಡಿಸಿದಳು. ಕಿರುಬೆರಳು ಬಿಟ್ಟಿತು, ಒಂದು ಗೆರೆ ಬಂತು. ಉಂಗುರದ ಬೆರಳು ಬಿಟ್ಟಿತು, ಎರಡು. ಠಸ್ಸೆಪ್ಪ ಗೆರೆಗಳನ್ನು ನೋಡಿದ, ತನ್ನ ಬೆರಳುಗಳನ್ನು ನೋಡಿದ. ಮೂರು ವಾರದ ಮಹಿಮೆ ಅವನ ಮುಖದಿಂದ ಇಳಿದುಹೋಗುವುದನ್ನು ಹೆಂಡತಿ ಕಂಡಳು. ಅವಳಿಗೂ ಪಾಪ ಅನ್ನಿಸಿತು.

"ಕಿಟಕಿ ಹತ್ರ ಅಂತ ಹೇಳಿದ್ಲು ಆ ರಿಪೇರಿಯಾಕೆ," ಎಂದ ಸಣ್ಣ ದನಿಯಲ್ಲಿ. "ಎರಡೇ ಬೆರಳು ಅಂತಾನೂ ಹೇಳಿದ್ಲು."

ಕಿಟಕಿಯ ಹತ್ತಿರ ನಾಲ್ಕು ಗೆರೆ ಇತ್ತು, ಫೋನು ಇಡಲು ಜಾಗ ಇರಲಿಲ್ಲ. ಠಸ್ಸೆಪ್ಪ ಕಿಟಕಿಗೆ ಬೆನ್ನು ಕೊಟ್ಟು ನಿಂತು, ತೋಳು ಚಾಚಿ, ಹೆಬ್ಬೆರಳು ತೋರುಬೆರಳಿನ ನಡುವೆ ಫೋನಿನ ಅಂಚು ಹಿಡಿದ. ಮಗಳು ಎದುರಿಗೆ ಕುರ್ಚಿ ಎಳೆದುಕೊಂಡಳು. ಮೂರು ಮುಖ ಮತ್ತೆ ಬಂದವು. ಮೆಟ್ಟಿಲ ಮೇಲಿನವರನ್ನು ಹೆಂಡತಿ ಒಂದು ಸಲ ದುರುಗುಟ್ಟಿ ನೋಡಿದಳು. ಎರಡೂ ಪಕ್ಷಗಳು ಬಾಯಿ ಮುಚ್ಚಿಕೊಂಡವು.

ನಲವತ್ತು ನಿಮಿಷ! ನೀವೂ ಒಂದು ಸಲ ಹಿಡಿದು ನೋಡಿ, ಐದಕ್ಕೇ ಗೊತ್ತಾಗುತ್ತದೆ. ತೋಳು ಮರಗಟ್ಟಿತು, ಬೆರಳು ಉರಿಯಿತು, ಮೂಗಿನ ಮೇಲೆ ನೊಣ ಕೂತಿತು. ಮುಷ್ಟಿ ಕಟ್ಟಬೇಕೆಂದು ಇಪ್ಪತ್ತೇಳು ವರ್ಷದ ಅಭ್ಯಾಸ ಒಳಗಿಂದ ಕೂಗುತ್ತಿತ್ತು. ಠಸ್ಸೆಪ್ಪ ಕದಲಲಿಲ್ಲ.

"ನೀವು ಹೇಳಿದ್ದರಲ್ಲಿ ಮಗು ಒಂದೇ ಮಾತು ಹಿಡ್ಕೊಂಡು, ಮಿಕ್ಕಿದ್ದನ್ನ ತಾನೇ ಊಹೆ ಮಾಡ್ಕೊಂಡ್ರೆ ಏನ್ಮಾಡ್ತೀರಿ?" ಎಂದು ಹಿರಿಯಾಕೆ ಕೇಳಿದರು.

"ಮನೇಲಿ ಅಭ್ಯಾಸ ಇದೆ ಮೇಡಂ," ಎಂದಳು ಮಗಳು. "ಕೋಪ ಮಾಡ್ಕೊಳ್ಳಲ್ಲ. ಎದುರಿಗೆ ನಿಂತು, ಮುಖ ನೋಡಿ, ನಿಧಾನಕ್ಕೆ ಇನ್ನೊಂದ್ಸಲ ಹೇಳ್ತೀನಿ. ಅವರಿಗೆ ಅರ್ಥ ಆಗೇ ಆಗುತ್ತೆ. ಪ್ರೀತಿ ಇರೋರಿಗೆ ಸ್ವಲ್ಪ ತಡವಾಗುತ್ತೆ, ಅಷ್ಟೇ."

ಠಸ್ಸೆಪ್ಪ ಬಿಗಿಯಾಗಹೊರಟ ಎರಡು ಬೆರಳನ್ನು ಮತ್ತೆ ಸಡಿಲಿಸಿದ.

ಫಲಿತಾಂಶವನ್ನು ಕಾಗದದಲ್ಲಿ ತಿಳಿಸುತ್ತೇವೆ ಎಂದಿದ್ದರು. ಹಾಗಾಗಿ ಎಲ್ಲರೂ ಅಂಚೆಯವನ ದಾರಿ ನೋಡಿದರು, ಫೋನು ಎಂದಿನಂತೆ ಠಸ್ಸೆಪ್ಪನ ಜೇಬಿನಲ್ಲಿ ಕಚೇರಿಗೆ ಹೋಗಿಬಂತು. ಹತ್ತು ದಿನ ಕಳೆಯಿತು. ಮಗಳು ಊಟ ಕಡಿಮೆ ಮಾಡಿದಳು. ವಿಮೆ ಏಜೆಂಟ್ ಟೀ ನಿಲ್ಲಿಸಿದ. ಸಾಹೇಬರು ಮಾತ್ರ ಏನನ್ನೂ ನಿಲ್ಲಿಸಲಿಲ್ಲ.

"ಸಾರ್, ಇದು ಶಕ್ತಿ ಅಲ್ಲ ಸಾರ್. ಬರೀ ಮುಷ್ಟಿ," ಎಂದು ಠಸ್ಸೆಪ್ಪ ನಿಜ ಒಪ್ಪಿಕೊಂಡ.

"ಯಾವುದಾದ್ರೇನು, ಹನ್ನೊಂದಾಯ್ತು. ಹಿಡ್ಕೊಳ್ರೀ!"

ಹಿಡಿದು ಬೀರುವಿನ ಹಿಂದೆ ಕೂತ ಐದು ನಿಮಿಷಕ್ಕೆ ಅವನ ಸ್ವಂತ ಫೋನು ಜೇಬಿನಲ್ಲಿ ಅರೆಜೀವವಾಗಿ ಗುಂಯ್‌ಗುಟ್ಟಿತು. ಪರದೆಯಲ್ಲಿ ಶಾಲೆಯ ಹೆಸರು. ಠಸ್ಸೆಪ್ಪ ಸಾಹೇಬರ ಫೋನನ್ನು ಬಲಮುಷ್ಟಿಯಲ್ಲಿ ಹಿಸುಕಿಕೊಂಡೇ ಕಿಟಕಿಗೆ ಓಡಿದ. ಎಡಗೈಯ ಎರಡು ಬೆರಳಿನಲ್ಲಿ ತನ್ನ ಫೋನಿನ ಅಂಚು ಹಿಡಿದು, ಕಿವಿಯನ್ನೇ ಅದರ ಹತ್ತಿರ ತಂದ. ಒಂದು ಕೈಯಲ್ಲಿ ಕರೆಯೊಂದು ಸಾಯುತ್ತಿತ್ತು, ಇನ್ನೊಂದರಲ್ಲಿ ಕರೆಯೊಂದು ಬದುಕಿತ್ತು. ಜನನ ಮರಣ ಎರಡನ್ನೂ ಒಟ್ಟಿಗೆ ನೋಡಿಕೊಳ್ಳುವುದು ಆ ಕಚೇರಿಗೆ ಹೊಸದೇನಲ್ಲ.

"ಕಾಗದ ಕಳಿಸಿದೀವಿ, ಆದ್ರೂ ಬಾಯಲ್ಲಿ ಹೇಳೋಣ ಅಂತ," ಎಂದಿತು ಹಿರಿಯಾಕೆಯ ದನಿ, ನೀರಿನಷ್ಟು ತಿಳಿಯಾಗಿ. "ನಿಮ್ಮ ಮಗಳನ್ನ ಆಯ್ಕೆ ಮಾಡಿದೀವಿ. ಸೋಮವಾರ ಬಂದು..."

ಸೋಮವಾರ ಎಷ್ಟು ಗಂಟೆಗೆ ಎಂಬುದು ಠಸ್ಸೆಪ್ಪನಿಗೆ ಕೇಳಲಿಲ್ಲ. ಸಂತೋಷ ತಡೆಯಲಾರದೆ ಅವನ ಎಡಗೈ ಮುಷ್ಟಿ ಕಟ್ಟಿಬಿಟ್ಟಿತ್ತು, ಕರೆ ಸತ್ತಿತ್ತು. ಅದೇ ಸಂತೋಷಕ್ಕೆ ಬಲಗೈ ಅರಳಿ ಮೇಲೆದ್ದಿತ್ತು. ತೆರೆದ ಕಿಟಕಿಯಲ್ಲಿ, ತೆರೆದ ಅಂಗೈ ಮೇಲೆ, ಸಾಹೇಬರ ಫೋನು ಹನ್ನೊಂದರ ಹೊತ್ತಿನಲ್ಲಿ ಎಷ್ಟೋ ದಿನದ ಮೇಲೆ ಮೊದಲ ಸಲ ನಾಲ್ಕು ಗೆರೆ ಉಸಿರಾಡಿ, ಕಚೇರಿಯೆಲ್ಲ ಅದುರುವಂತೆ ಬಾರಿಸಿತು.

ಕಣ್ಣಲ್ಲಿ ನೀರಿದ್ದವನಿಗೆ ಯಾರದು ಎಂದು ನೋಡುವ ವ್ಯವಧಾನವೆಲ್ಲಿ? ಒತ್ತಿಯೇಬಿಟ್ಟ.

"ಹಲೋ! ಹಲೋ! ಏನ್ರೀ ಇದು, ಇಷ್ಟು ದಿನ ಎಲ್ರೀ ಹಾಳಾಗಿ ಹೋಗಿದ್ರಿ?" ಎಂದು ಮೇಲಿನ ಅಧಿಕಾರಿ ಗುಡುಗಿದರು.

"ಸಾರ್, ನನ್ನ ಮಗಳಿಗೆ ಕೆಲಸ ಸಿಕ್ತು ಸಾರ್!"

ಅತ್ತ ಕಡೆಯ ಗುಡುಗು ತಟ್ಟನೆ ಇಳಿಯಿತು.

"...ಒಳ್ಳೇದಾಯ್ತು. ಯಾರಾದ್ರೂ ಆಗಿರಿ, ಒಳ್ಳೇದಾಯ್ತು. ನಿಮ್ಮ ಸಾಹೇಬ್ರು ಇದಾರಾ ಅಲ್ಲಿ?"

ಠಸ್ಸೆಪ್ಪ ತಿರುಗಿ ನೋಡಿದ. ಸಾಹೇಬರು ಎರಡೂ ಕೈ ಆಡಿಸುತ್ತಾ, ಇಲ್ಲ ಅನ್ನು, ಇಲ್ಲ ಅನ್ನು ಎಂದು ಸನ್ನೆ ಮಾಡುತ್ತಿದ್ದರು. ಆಮೇಲೆ ಗಾಳಿಯಲ್ಲೇ ಮುಷ್ಟಿ ಕಟ್ಟಿ, ಹಿಸುಕು, ಹಿಸುಕು ಎಂದು ತೋರಿಸಿದರು.

ಠಸ್ಸೆಪ್ಪ ಫೋನನ್ನು ಅಂಗೈಯಿಂದ ಎರಡು ಬೆರಳಿಗೆ ತೆಗೆದುಕೊಂಡ. ಹೂವು ಹಿಡಿದಷ್ಟು ಹಗುರವಾಗಿ ಹಿಡಿದುಕೊಂಡು ಹೋಗಿ ಸಾಹೇಬರ ಕಿವಿಯ ಹತ್ತಿರ ಇಟ್ಟ.

"ಇಲ್ಲೇ ಇದಾರೆ ಸಾರ್, ಮಾತಾಡಿ," ಎಂದ. "ನಾನು ಹಿಡ್ಕೊಂಡಿರ್ತೀನಿ. ನಲವತ್ತು ನಿಮಿಷ ಆದ್ರೂ ಕಟ್ಟಾಗಲ್ಲ."